ಅಜ್ಜನ ವರ್ಷಾಂತಿಕದ ಪುಸ್ತಿಕೆಯಲ್ಲಿ ಏನು ಬರೆಯಬೇಕು? ನಿಮಗೆ ತಿಳಿದುದನ್ನು ತಿಳಿಸಿ

ಮೊಮ್ಮಗಳು, ಉಡುಪಿ:

ಹಿರಿಯರಿಗೂ ಊರವರಿಗೂ ನಮಸ್ಕಾರ. ಹಿರಿಯಡಕದ ಆಚೆಯ ನಮ್ಮ ತರವಾಡು ಮನೆಯ, ಎಂದರೆ ತಾಯಿಯ ಕಡೆಯ ಕೂಡುಕುಟುಂಬದ ಮನೆಯ, ಯಜಮಾನರಾಗಿದ್ದ ಅಜ್ಜ ಕಳೆದ ವರ್ಷ ದೀಪಾವಳಿ ಕಳೆದು, ನೀರು ತಡೆಯಲು ತೋಡಿಗೆ (ಹಳ್ಳಕ್ಕೆ) ಕಟ್ಟ ಹಾಕುವ ಹೊತ್ತಿನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳ ವರ್ಷಾಂತಿಕಕ್ಕೆ ಹದಿನಾರು ಪುಟಗಳ ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಬೇಕೆಂದು ಮನೆಯವರು ತೀರ್ಮಾನಿಸಿದ್ದಾರೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಬರೆಯಲು ಕುಳಿತಾಗ ನನಗೆ ತಿಳಿದದ್ದು ಎಷ್ಟು ಕಡಿಮೆ ಎಂಬುದು ಅರಿವಾಯಿತು. ಅವರು 1944ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಮನೆಯಲ್ಲಿ ಹೇಳದೆ ಮಂಗಳೂರಿಗೆ ಹೋಗಿ ಸೇನೆಗೆ ಸೇರಿದರು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದುದರಿಂದ ಬೆಂಗಳೂರಿನಲ್ಲಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಗೆ ಹೋದರು. ಬರ್ಮಾದಲ್ಲಿ ಕೆಲವು ತಿಂಗಳು, ಕಾಶ್ಮೀರದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದರು. ಸುಬೇದಾರರಾಗಿ 1970ರಲ್ಲಿ ನಿವೃತ್ತರಾಗಿ ಬಂದು ಮನೆಯ ಯಜಮಾನಿಕೆಯನ್ನು ವಹಿಸಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ.

ಒಂದು ವಿಷಯದಲ್ಲಿ ನನಗೆ ಸಹಾಯ ಬೇಕು. ಪ್ರತಿ ವರ್ಷ ನವೆಂಬರ್ 1ರಂದು ಅಜ್ಜ ನಸುಕಿನಲ್ಲಿ ಎದ್ದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿಯ ಅಂಗಿಗೆ ಪದಕಗಳನ್ನು ಸಿಕ್ಕಿಸಿಕೊಂಡು ಮಧ್ಯಾಹ್ನದ ಊಟದವರೆಗೆ ಚಾವಡಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ರಾಜ್ಯೋತ್ಸವಕ್ಕಾಗಿ ಎಂದು ನಾವು ಮಕ್ಕಳು ತಿಳಿದಿದ್ದೆವು. ಪಿಂಚಣಿಗಾಗಿ ಬದುಕಿರುವ ಬಗೆಗಿನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೊರಡುವ ದಿನ ಅದು ಎಂದು ಅಮ್ಮ ಹೇಳುತ್ತಾರೆ. ಯಾವುದು ನಿಜ?

ಅಳಿಯ, ಮುಂಬಯಿ:

ಮಗೂ, ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ನನ್ನ ಸೋದರಮಾವ ಟ್ಯಾಂಕಿನಲ್ಲಿ ಕುಳಿತು ಕಾಶ್ಮೀರದಲ್ಲಿ ಯುದ್ಧ ಮಾಡಿದವರು. "ಜನರಲ್ ತಿಮ್ಮಯ್ಯನವರ ಟ್ಯಾಂಕಿನ ಮುಂದೆ ನಾವಿದ್ದೆವು" ಎಂದು ಅವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗ ನನಗೆ ಹನ್ನೆರಡು ವರ್ಷ. ಕೊಡಗಿನ ಜನರಲ್, ತುಳುನಾಡಿನ ಸೈನಿಕ, ಇವರಿಬ್ಬರು ಒಂದೇ ರಣರಂಗದಲ್ಲಿ ಇದ್ದುದನ್ನು ಮೊದಲ ಪುಟದಲ್ಲಿಯೇ ದಪ್ಪ ಅಕ್ಷರಗಳಲ್ಲಿ ಹಾಕಬೇಕು. "ಶತ್ರುಗಳ ಎದೆ ನಡುಗಿಸಿದ ವೀರಯೋಧ" ಎಂಬ ಶೀರ್ಷಿಕೆಯನ್ನು ನಾನು ಸೂಚಿಸುತ್ತೇನೆ. ಅಚ್ಚಿನ ಖರ್ಚು ನನ್ನದು.

ಇನ್ನೊಂದು ಸಂಗತಿಯನ್ನು ಕೂಡ ಬರೆಯಬೇಕು. 1974ರ ಭೂಸುಧಾರಣೆ ಬಂದಾಗ ಸೈನಿಕರಿಗೆ ಕಾಯ್ದೆಯಲ್ಲಿಯೇ ವಿನಾಯಿತಿ ಇತ್ತು. ಮಾವ ಬಯಸಿದ್ದರೆ ಇಡೀ ಬೈಲನ್ನು ಉಳಿಸಿಕೊಳ್ಳಬಹುದಿತ್ತು. ಒಕ್ಕಲುಗಳಿಗಾಗಿ ಅದನ್ನು ಬಿಟ್ಟುಕೊಟ್ಟರು. ಅದು ದಾನವಲ್ಲದೆ ಮತ್ತೇನು?

ಬ್ಯಾಂಕಿನ ನಿವೃತ್ತ ಗುಮಾಸ್ತ, ಉಡುಪಿ:

ನಿಮ್ಮ ತಾಯಿಯವರ ಊಹೆ ಅರ್ಧ ಮಾತ್ರ ಸರಿ. ಪಿಂಚಣಿದಾರರು ಪ್ರಮಾಣಪತ್ರ ಕೊಡಬೇಕಾದದ್ದು ನವೆಂಬರಿನಲ್ಲಿಯೇ ಹೌದು. ಆದರೆ ನವೆಂಬರ್ 1 ರಾಜ್ಯೋತ್ಸವದ ರಜೆ, ಅಂದು ಬ್ಯಾಂಕಿನ ಬಾಗಿಲು ತೆರೆಯುವುದಿಲ್ಲ. ಸುಬೇದಾರರು ಬರುತ್ತಿದ್ದುದು ಮರುದಿನ ಅಥವಾ ಅದರಾಚೆಯ ಮೊದಲ ಕೆಲಸದ ದಿನ. ಪಿಂಚಣಿಯ ಕೌಂಟರಿನಲ್ಲಿ ನಾನು ಹನ್ನೊಂದು ವರ್ಷ ಕುಳಿತವನು. ಅವರು ಯಾವತ್ತೂ ಪದಕ ಧರಿಸಿ ಬಂದುದನ್ನು ನೋಡಿಲ್ಲ. ಕೊಡೆ, ಅರ್ಧ ತೋಳಿನ ಅಂಗಿ, ಪಂಚೆ, ಅಷ್ಟೇ. ಒಮ್ಮೆ ಸರ್ವರ್ ಕೆಟ್ಟು ಜನರು ಗಲಾಟೆ ಮಾಡುತ್ತಿದ್ದಾಗ ಅವರು ಎದ್ದು ಹೋಗಿ ಸಾಲನ್ನು ಎರಡಾಗಿ ಒಡೆದು, ವಯಸ್ಸಾದ ಹೆಂಗಸರನ್ನು ಕುರ್ಚಿಗಳಲ್ಲಿ ಕೂರಿಸಿ, ತಾವು ಮಾತ್ರ ಕೊನೆಯಲ್ಲಿ ನಿಂತರು. ಆಗ ಅವರಿಗೆ ಎಂಬತ್ತು ದಾಟಿತ್ತು.

ನಿವೃತ್ತ ಸ್ಯಾಪರ್, ಕಾರ್ಕಳ:

ನಾನು ಅದೇ ಪಡೆಯಲ್ಲಿ ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿದವನು. ಸುಬೇದಾರರಿಗಿಂತ ಒಂದು ತಲೆಮಾರು ಚಿಕ್ಕವನು. ನವೆಂಬರ್ 1ರ ಒಗಟಿಗೆ ಉತ್ತರ ನಮ್ಮ ಪಡೆಯವರಿಗೆಲ್ಲ ಗೊತ್ತಿದೆ. ಅದು 1948ರಲ್ಲಿ ಜೋಜಿಲಾ ಕಣಿವೆದಾರಿಯನ್ನು ಗೆದ್ದ ದಿನ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಶಾಲೆಯ ಪಾಠಗಳಲ್ಲಿ ಬರುವುದು ಕಡಿಮೆ. 1948ರ ಬೇಸಿಗೆಯ ಹೊತ್ತಿಗೆ ದ್ರಾಸ್ ಮತ್ತು ಕಾರ್ಗಿಲ್ ಕೈತಪ್ಪಿ ಹೋಗಿ, ಶ್ರೀನಗರದಿಂದ ಲೇಹ್‌ಗೆ ಹೋಗುವ ನೆಲದ ದಾರಿ ಮುಚ್ಚಿತ್ತು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದಲ್ಲಿರುವ ಜೋಜಿಲಾದ ಎರಡೂ ಬದಿಯ ಬಂಡೆಗಳಲ್ಲಿ ಎದುರಾಳಿಗಳು ಗುಹೆಗಳಂತಹ ನೆಲೆಗಳನ್ನು ಮಾಡಿಕೊಂಡು ಮೆಷಿನ್‌ಗನ್ ಇಟ್ಟಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ಫಲಿಸಲಿಲ್ಲ. ಚಳಿಗಾಲ ಕಾಲಿಟ್ಟರೆ ದಾರಿ ಹಿಮದಲ್ಲಿ ಹೂತುಹೋಗುತ್ತದೆ, ಲಡಾಖ್ ಒಂಟಿಯಾಗುತ್ತದೆ. ಆಗ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವ ನಿರ್ಧಾರ ಮಾಡಿದರು. ಅಲ್ಲಿಯವರೆಗೆ ಜಗತ್ತಿನಲ್ಲಿ ಎಲ್ಲಿಯೂ ಅಂತಹ ಎತ್ತರದಲ್ಲಿ ಟ್ಯಾಂಕುಗಳು ಕಾದಾಡಿರಲಿಲ್ಲ. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಬಿಡಿಭಾಗ ಕಳಚಿ, ಗುಟ್ಟಾಗಿ ಶ್ರೀನಗರಕ್ಕೆ ತರಲಾಯಿತು.

ಆದರೆ ಬಾಲ್ತಾಲ್‌ನಿಂದ ಜೋಜಿಲಾಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಒಂದೊಂದು ಟ್ಯಾಂಕಿನ ತೂಕವೋ ಸುಮಾರು 15 ಟನ್. ಆ ಕಾಲುದಾರಿಯನ್ನು ಟ್ಯಾಂಕು ಹತ್ತುವ ದಾರಿಯನ್ನಾಗಿ ಮಾಡಿದ್ದು ಮದ್ರಾಸ್ ಸ್ಯಾಪರ್ಸ್‌ನ ಎರಡು ಫೀಲ್ಡ್ ಕಂಪೆನಿಗಳು. ಹಿಮಪಾತದಿಂದಾಗಿ ದಾಳಿಯನ್ನು ಮುಂದೂಡಿ, ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಮೇಲೇರಿದವು. ಜನರಲ್ ತಿಮ್ಮಯ್ಯನವರು ಸ್ವತಃ ಮುಂದಿನ ಟ್ಯಾಂಕಿನಲ್ಲಿದ್ದರು. ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದೇ ತಿಂಗಳಿನಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಮರಳಿ ಬಂದವು, 1949ರ ಜನವರಿ 1ರಂದು ಕದನ ವಿರಾಮವಾಯಿತು.

ಮುಂಬಯಿಯ ಹಿರಿಯರು ತಪ್ಪು ತಿಳಿಯಬಾರದು. "ಟ್ಯಾಂಕಿನ ಮುಂದೆ ನಾವಿದ್ದೆವು" ಎಂದರೆ ಟ್ಯಾಂಕಿನೊಳಗೆ ಕುಳಿತಿದ್ದೆವು ಎಂದಲ್ಲ. ದಾರಿ ಮಾಡುವವನು ಟ್ಯಾಂಕಿಗಿಂತ ಮುಂದೆ ಇರಲೇಬೇಕಲ್ಲವೇ? ಆ ಮಾತು ಅಕ್ಷರಶಃ ನಿಜ. ಅವರ ಡಿಸ್ಚಾರ್ಜ್ ಪುಸ್ತಕ ಯಾರ ಬಳಿ ಇದೆ? ಕಂಪೆನಿಯ ಸಂಖ್ಯೆ ಅದರಲ್ಲಿ ಸಿಗುತ್ತದೆ. ಪದಕಗಳಲ್ಲಿ "ಜಮ್ಮು ಮತ್ತು ಕಾಶ್ಮೀರ" ಎಂಬ ಪಟ್ಟಿ ಇರುವ ಸಾಮಾನ್ಯ ಸೇವಾ ಪದಕ ಇದೆಯೇ ಎಂದು ದಯವಿಟ್ಟು ನೋಡಿ.

ಅಳಿಯ, ಮುಂಬಯಿ:

ನಾನು ಕೇಳಿದ್ದನ್ನು ನಾನು ಹೇಳಿದೆ. ದಾರಿ ಮಾಡಿದರು ಎಂದು ಬರೆದರೆ ಓದಿದವರು ಲೋಕೋಪಯೋಗಿ ಇಲಾಖೆಯ ಮೇಸ್ತ್ರಿ ಎಂದು ತಿಳಿದುಕೊಂಡಾರು.

ಮಗಳು, ಬ್ರಹ್ಮಾವರ:

ಡಿಸ್ಚಾರ್ಜ್ ಪುಸ್ತಕವೂ ಹಸಿರು ಟ್ರಂಕೂ ನನ್ನ ಬಳಿ ಇವೆ. ಮೂರು ದಿನಗಳಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಯಾರೂ ನನ್ನನ್ನು ಕೇಳಲಿಲ್ಲ ಎಂಬುದು ಅಚ್ಚರಿಯಲ್ಲ, ಏಕೆಂದರೆ ತರವಾಡಿನ ಲೆಕ್ಕದಲ್ಲಿ ನಾನು ಬೇರೆ ಮನೆಯವಳು.

ಅಳಿಯಕಟ್ಟಿನ, ಎಂದರೆ ತಾಯಿಯ ಬಳಿಯಿಂದ ಆಸ್ತಿ ನಡೆದುಬರುವ ಅಳಿಯಸಂತಾನದ, ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಪುಸ್ತಿಕೆಯನ್ನು ಓದುವ ಇಂದಿನ ಮಕ್ಕಳಿಗೆ ತಿಳಿದಿರಲಿ. ನನ್ನ ಅಪ್ಪ ತಮ್ಮ ಅಕ್ಕತಂಗಿಯರ ಮನೆಗೆ ಯಜಮಾನ. ನಾವು ಮಕ್ಕಳು ಅಮ್ಮನ ಮನೆಗೆ ಸೇರಿದವರು. ಅವರು ಸೇನೆಯಲ್ಲಿದ್ದಾಗ ನಮಗೆ ಸಿಗುತ್ತಿದ್ದುದು ವರ್ಷಕ್ಕೆ ಎರಡು ತಿಂಗಳ ರಜೆ, ಅದರಲ್ಲಿ ಅರ್ಧ ತರವಾಡಿಗೆ. ನಿವೃತ್ತರಾಗಿ ಬಂದ ಮೇಲೆ ನಮ್ಮೊಡನೆ ಇರುತ್ತಾರೆಂದು ಅಮ್ಮ ಎಣಿಸಿದ್ದರು. ಅವರು ಯಜಮಾನಿಕೆ ಹಿಡಿದರು, ನಮ್ಮ ಮನೆಗೆ ಶನಿವಾರ ಸಂಜೆಯ ಬಸ್ಸಿನಲ್ಲಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ನೆಂಟರಿಗೆ ಕೊಡುವ ಬೆಲ್ಲ ನೀರನ್ನು ಅಮ್ಮ ಅವರಿಗೂ ಕೊಡುತ್ತಿದ್ದರು. ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನದ ಮನೆಗಳಲ್ಲಿಯೂ ಗಂಡಸಿನ ಪಾಲು ಅವನ ಮಕ್ಕಳಿಗೆ ಬರುವ ಹಾದಿ ತೆರೆಯಿತು. ಅಪ್ಪ ಆ ಹಾದಿಯಲ್ಲಿ ನಡೆಯಲಿಲ್ಲ, ನಾವೂ ಕೇಳಲಿಲ್ಲ. ಪಿಂಚಣಿಯಲ್ಲಿ ಉಳಿಸಿದ ಹಣದಿಂದ ನಮ್ಮ ಬಾವಿಗೆ ಮುರಕಲ್ಲಿನ ಕಟ್ಟೆ ಕಟ್ಟಿಸಿಕೊಟ್ಟರು. ಅಲ್ಲ, ಕಟ್ಟಿಸಿದ್ದಲ್ಲ, ಸ್ವತಃ ಕಟ್ಟಿದರು. ಐವತ್ತು ವರ್ಷಗಳಾದರೂ ಅದರಲ್ಲಿ ಒಂದು ಬಿರುಕಿಲ್ಲ.

ಭಾವ, ಶೀರ್ಷಿಕೆಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ಅಪ್ಪನ ಎಡಗಾಲಿನಲ್ಲಿ ಎರಡು ಬೆರಳುಗಳು ಇರಲಿಲ್ಲ. ಚಿಕ್ಕವರಿದ್ದಾಗ ಸ್ವರ್ಣಾ ನದಿಯ ಮೊಸಳೆ ತಿಂದಿತು ಎಂದು ಹೇಳಿ ನಮ್ಮನ್ನು ನಂಬಿಸಿದ್ದರು. ಹಿಮ ಕಡಿದು ಕೊಳೆತ ಬೆರಳುಗಳನ್ನು ಕತ್ತರಿಸಿದ್ದು ಎಂದು ಅಮ್ಮನಿಂದ ತಿಳಿದಾಗ ನನಗೆ ಮದುವೆಯ ವಯಸ್ಸು. ನಾನು ಹೋಗಿ ಕೇಳಿದೆ, "ಅಪ್ಪಾ, ಯುದ್ಧದಲ್ಲಿ ನೀವು ಎಷ್ಟು ಜನರನ್ನು ಹೊಡೆದಿರಿ?" "ನಾನು ಹೊಡೆದದ್ದು ಬಂಡೆಗೆ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ದಾರಿಯ ಅಗಲವನ್ನು ಅಳೆಯುವುದು ತಮ್ಮ ಕೆಲಸವಾಗಿತ್ತು, ಕತ್ತಲಲ್ಲಿ ಲಾಂದ್ರ ಹಚ್ಚುವಂತಿರಲಿಲ್ಲವಾದ್ದರಿಂದ ಗಂಟು ಹಾಕಿದ ಹಗ್ಗವನ್ನು ಕೈಯಲ್ಲಿ ಸವರಿ ಅಳೆಯುತ್ತಿದ್ದೆವು, ಒಂದು ಗಂಟು ತಪ್ಪಿದರೆ ಟ್ಯಾಂಕು ಕೆಳಗೆ, ಎಂದು ಹೇಳಿದರು. ಯುದ್ಧದ ಬಗ್ಗೆ ನನ್ನೊಡನೆ ಅವರು ಆಡಿದ ಮಾತು ಇಷ್ಟೇ. ಇದನ್ನು ಬರೆಯುವುದಾದರೆ ಬರೆಯಿರಿ, ಎದೆ ನಡುಗಿಸಿದ ಕಥೆ ಬೇಡ.

ಮೊಮ್ಮಗಳು, ಉಡುಪಿ:

ಅತ್ತೆ, ಮೊದಲು ನಿಮ್ಮನ್ನೇ ಕೇಳಬೇಕಾಗಿತ್ತು. ತಪ್ಪು ನನ್ನದು. ಪುಸ್ತಿಕೆಯಲ್ಲಿ ಕುಟುಂಬದ ಪಟ್ಟಿಯನ್ನು ತರವಾಡಿನ ಕ್ರಮದಲ್ಲಿ ಬರೆದಿದ್ದೆ. ಅದರಲ್ಲಿ ನೀವೂ ಅಣ್ಣಂದಿರೂ ಇರಲಿಲ್ಲ. ಅದನ್ನು ಇಂದೇ ತಿದ್ದುತ್ತೇನೆ, ಅಜ್ಜಿಯ ಹೆಸರು ಮೊದಲು ಬರುತ್ತದೆ. ಟ್ರಂಕಿನಲ್ಲಿ ಪದಕಗಳು ಇದ್ದರೆ ಒಂದು ಚಿತ್ರ ತೆಗೆದು ಕಳುಹಿಸುವಿರಾ?

ಒಕ್ಕಲು ಮನೆಯ ಮೊಮ್ಮಗ, ಮಂಗಳೂರು:

ಸುಬೇದಾರರ ತರವಾಡಿಗೆ ನಮ್ಮ ಹಿರಿಯರು ಮೂರು ತಲೆಮಾರು ಗೇಣಿ ಅಕ್ಕಿ ಅಳೆದವರು. ಈಗ ನಾನು ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಮುಂಬಯಿಯ ಹಿರಿಯರು ಭೂಸುಧಾರಣೆಯ ಮಾತು ಎತ್ತಿದ್ದರಿಂದ ಬರೆಯಬೇಕಾಯಿತು.

ಸೈನಿಕರಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು ಎಂಬುದು ನಿಜ. ಆದರೆ ಅದು ಇದ್ದದ್ದು ಸೇವೆಯಲ್ಲಿರುವ ಸೈನಿಕನು ತಾನೇ ಗೇಣಿಗೆ ಕೊಟ್ಟ ಭೂಮಿಗೆ. ನಮ್ಮ ಗೇಣಿ ಸುಬೇದಾರರು ಹುಟ್ಟುವ ಮೊದಲಿನದು, ಭೂಮಿ ಇಡೀ ಕುಟುಂಬದ್ದು, 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಗೆ ಬರುವಾಗ ಅವರು ನಿವೃತ್ತರಾಗಿ ನಾಲ್ಕು ವರ್ಷಗಳಾಗಿದ್ದವು. ಆದ್ದರಿಂದ "ಬಯಸಿದ್ದರೆ ಉಳಿಸಿಕೊಳ್ಳಬಹುದಿತ್ತು, ದಾನ ಮಾಡಿದರು" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಉಳುವವನ ಹಕ್ಕನ್ನು ಕಾನೂನು ಉಳುವವನಿಗೆ ಕೊಟ್ಟಿತು. ಅದನ್ನು ದಾನ ಎಂದು ಅಚ್ಚು ಹಾಕಿದರೆ ನಮ್ಮ ಮನೆಯವರು ಆ ಪುಸ್ತಿಕೆಯನ್ನು ಮುಟ್ಟಲಾರರು.

ಹಾಗೆಂದು ಅವರು ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರು ಮಾಡಿದ್ದು ಬೇರೆ. ನಮ್ಮದು ವರ್ಷ ವರ್ಷಕ್ಕೆ ನಡೆಯುವ ಚಾಲಗೇಣಿ, ಶಾಶ್ವತ ಹಕ್ಕಿನ ಮೂಲಗೇಣಿಯವರಿಗೆ ಇದ್ದಂತೆ ನಮಗೆ ಪತ್ರವಿರಲಿಲ್ಲ, ಗೇಣಿ ಕೊಟ್ಟುದಕ್ಕೆ ರಸೀದಿಯೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮಂತಹವರು ಗೇಣಿ ಭೂಮಿಯ ಹಕ್ಕು ಕೇಳುವ ಏಳನೆಯ ನಮೂನೆಯ ಅರ್ಜಿ ಹಾಕಿದ ಕೂಡಲೇ, "ಇವರು ಗೇಣಿದಾರರಲ್ಲ, ಕೂಲಿಯಾಳುಗಳು" ಎಂದು ಧಣಿಗಳು ಹೇಳಿಬಿಟ್ಟರೆ ಮುಗಿಯಿತು. ಅದನ್ನು ಸುಳ್ಳೆಂದು ಸಾಧಿಸುವ ಹೊರೆ ಅಕ್ಷರ ಬಾರದವರ ತಲೆಗೆ. ಅರ್ಜಿ ಹಾಕಲು ಹೆದರಿ ಕುಳಿತವರೂ ಇದ್ದರು. ನಮ್ಮ ಅಜ್ಜನೂ ಹೆದರಿ ಕುಳಿತವರೇ. ಯಜಮಾನರ ಮುಖ ನೋಡಿ ಹೇಗೆ ಅರ್ಜಿ ಹಾಕಲಿ ಎಂದು ಎರಡು ತಿಂಗಳು ತಡೆದರು. ಕೊನೆಗೆ ಸುಬೇದಾರರೇ ನಮ್ಮ ಅಂಗಳಕ್ಕೆ ಬಂದು, "ನೀನು ಹಾಕದಿದ್ದರೆ ನಾಳೆ ನನ್ನ ಮನೆಯವರೇ ನಿನ್ನನ್ನು ಎಬ್ಬಿಸಿಯಾರು, ಹಾಕು" ಎಂದರಂತೆ. ಭೂ ನ್ಯಾಯಮಂಡಳಿಯ ಮುಂದೆ ಹೋಗಿ, ಯಾವ ಗದ್ದೆಗೆ ಯಾರು, ಎಷ್ಟು ಮುಡಿ ಗೇಣಿ ಅಳೆಯುತ್ತಿದ್ದರು ಎಂಬುದನ್ನು ಒಂದೊಂದಾಗಿ ಹೇಳಿ ಬರೆಸಿದರು. ಸತ್ಯವನ್ನು ಹೇಳಿದರು, ಅಷ್ಟೇ. ಆದರೆ ಆ ವರ್ಷಗಳಲ್ಲಿ ಅಷ್ಟನ್ನು ಹೇಳಿದ ಯಜಮಾನರು ನಮ್ಮ ಸುತ್ತಿನಲ್ಲಿ ಎಷ್ಟು ಮಂದಿ ಎಂದು ನೀವೇ ಎಣಿಸಿ ನೋಡಿ.

ಅಳಿಯ, ಮುಂಬಯಿ:

ಇದರಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ವಕೀಲರು ನೋಡಿಲ್ಲ, ನಾನು ನೋಡಿದ್ದೇನೆ. ನನ್ನ ತಾಯಿ ಎರಡು ವರ್ಷ ಮಾವನೊಡನೆ ಮಾತನಾಡಲಿಲ್ಲ. ಹತ್ತೊಂಬತ್ತು ಜನ ಉಣ್ಣುತ್ತಿದ್ದ ಮನೆ ಅದು, ಗೇಣಿ ನಿಂತ ಮೇಲೆ ಅಕ್ಕಿಯನ್ನು ಅಂಗಡಿಯಿಂದ ತಂದೆವು. ನಾನು ಹದಿನೇಳನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿದ್ದು ಆ ಕಾರಣಕ್ಕೆ. ಬಸ್ಸಿನ ಟಿಕೇಟಿಗೆ ಹಣ ಕೊಟ್ಟವರು ಮಾವನೇ. ದಾನ ಎಂದು ನಾನು ಕರೆಯದಿದ್ದರೆ, ನನ್ನ ತಾಯಿ ಪಟ್ಟ ಕಷ್ಟಕ್ಕೆ ಯಾವ ಹೆಸರು ಕೊಡಲಿ? ಇರಲಿ. "ದಾನ" ಎಂಬ ಶಬ್ದವನ್ನು ತೆಗೆಯಿರಿ. ಆದರೆ ನನ್ನ ತಾಯಿಯ ಮಾತೂ ಅಲ್ಲಿ ಇರಬೇಕು.

ಒಕ್ಕಲು ಮನೆಯ ಮೊಮ್ಮಗ, ಮಂಗಳೂರು:

ಇದು ನನಗೆ ಗೊತ್ತಿರಲಿಲ್ಲ. ಖಂಡಿತ ಇರಬೇಕು.

ನಿಮ್ಮ ತಾಯಿಯವರು ಮಾತು ಬಿಟ್ಟಿದ್ದ ಆ ಎರಡು ವರ್ಷಗಳಲ್ಲಿ ನಮ್ಮಲ್ಲಿ ನಡೆದದ್ದನ್ನೂ ಹೇಳುತ್ತೇನೆ. ಹಿಂದೆ ತೋಡಿಗೆ ಕಟ್ಟ ಹಾಕುವುದು ತರವಾಡಿನ ಕೆಲಸವಾಗಿತ್ತು. ಯಜಮಾನರು ಹೇಳಿಕಳುಹಿಸಿದ ದಿನ ಒಕ್ಕಲುಗಳೆಲ್ಲ ಬಂದು ಕಲ್ಲು, ಮಣ್ಣು, ಸೊಪ್ಪು ಹೊತ್ತು ನೀರನ್ನು ತಡೆಯುತ್ತಿದ್ದರು. ಅದಿಲ್ಲದೆ ಸುಗ್ಗಿ ಬೆಳೆಗೆ ನೀರಿಲ್ಲ, ಮೂರನೆಯ ಬೆಳೆಯಾದ ಕೊಳಕೆಯ ಮಾತೇ ಇಲ್ಲ. ಗದ್ದೆಗಳು ಒಕ್ಕಲುಗಳ ಹೆಸರಿಗೆ ಆದ ಮೇಲೆ ಯಾರು ಹೇಳಿಕಳುಹಿಸಬೇಕು? ಮೊದಲ ವರ್ಷ ಯಾರೂ ಮುಂದೆ ಬರಲಿಲ್ಲ. ಎರಡನೆಯ ವರ್ಷ ಬೆಳಗ್ಗೆ ನೋಡುವಾಗ ಸುಬೇದಾರರು ಒಬ್ಬರೇ ತೋಡಿಗೆ ಇಳಿದು, ಗಂಟು ಹಾಕಿದ ಹಗ್ಗವನ್ನು ಅಡ್ಡಲಾಗಿ ಹಿಡಿದು ಅಳೆಯುತ್ತಿದ್ದರಂತೆ. ತರವಾಡಿಗೆ ಆ ನೀರಿನಿಂದ ಉಳಿದಿದ್ದ ಲಾಭ ತೆಂಗಿನ ತೋಟದ ಒಂದು ಮೂಲೆಗೆ ಮಾತ್ರ. ನಮ್ಮ ಅಜ್ಜ ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ಇಳಿದರು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಮನೆಯವರು ಇದ್ದರು.

ಮಗಳು ಬ್ರಹ್ಮಾವರದಿಂದ ಬರೆದುದನ್ನು ಓದುವವರೆಗೆ ಆ ಹಗ್ಗಕ್ಕೂ ಕಾಶ್ಮೀರಕ್ಕೂ ಸಂಬಂಧ ಇದ್ದೀತು ಎಂದು ನಾನು ಎಣಿಸಿರಲಿಲ್ಲ.

ನಿವೃತ್ತ ಸ್ಯಾಪರ್, ಕಾರ್ಕಳ:

ಸುಬೇದಾರರ ಕಟ್ಟವನ್ನು ನಾನು ಒಮ್ಮೆ ನೋಡಿದ್ದೇನೆ. ಸಾಮಾನ್ಯವಾಗಿ ನಮ್ಮ ಕಡೆ ಕಟ್ಟವನ್ನು ನೇರವಾಗಿ ಅಡ್ಡ ಹಾಕುತ್ತಾರೆ. ಅವರು ನೀರು ಬರುವ ಕಡೆಗೆ ಸ್ವಲ್ಪ ಬಾಗಿಸಿ ಹಾಕಿಸಿದ್ದರು, ಬದಿಯಲ್ಲಿ ಹೆಚ್ಚುವರಿ ನೀರು ಹೋಗಲು ಹಲಗೆಯ ಕಿಂಡಿ ಇತ್ತು. ಅದರ ಮೇಲೆ ಎರಡು ತೆಂಗಿನ ಕಾಂಡಗಳ ಸಂಕ. ಶಾಲೆಯ ಮಕ್ಕಳು ಅದರ ಮೇಲೆ ಓಡುತ್ತಿದ್ದರು. ನಮ್ಮ ಕೋರ್‌ನ ಧ್ಯೇಯವಾಕ್ಯ "ಸರ್ವತ್ರ" ಎಂದು. ಆ ಮಾತನ್ನು ಅಲ್ಲಿ ನಿಂತು ನೆನೆದದ್ದು ನನಗೆ ಮರೆತಿಲ್ಲ.

ಮಗಳು, ಬ್ರಹ್ಮಾವರ:

ಟ್ರಂಕನ್ನು ಇಂದು ತೆರೆದೆ. ಪದಕಗಳು ನಾಲ್ಕು ಇವೆ, ಕಾಶ್ಮೀರದ ಪಟ್ಟಿ ಇರುವುದು ಕೂಡ ಇದೆ. ಡಿಸ್ಚಾರ್ಜ್ ಪುಸ್ತಕದ ಅಂಚುಗಳನ್ನು ಗೆದ್ದಲು ತಿಂದಿದೆ. ಕಂಪೆನಿಯ ಸಂಖ್ಯೆ ಇರಬೇಕಾದ ಜಾಗದಲ್ಲಿ ತೂತು. ನಡತೆ "ಆದರ್ಶಪ್ರಾಯ" ಎಂದು ಬರೆದದ್ದು ಉಳಿದಿದೆ. ಅಮ್ಮ ಬರೆದ ಕಾಗದಗಳು ಒಂದು ಕಟ್ಟು ಇವೆ. ಅವು ಪುಸ್ತಿಕೆಗೆ ಅಲ್ಲ.

ಹಗ್ಗ ಟ್ರಂಕಿನಲ್ಲಿ ಇಲ್ಲ.

ಮೊಮ್ಮಗಳು, ಉಡುಪಿ:

ಮೊದಲ ಪುಟವನ್ನು ಹೀಗೆ ಬರೆದಿದ್ದೇನೆ, ಆಕ್ಷೇಪವಿದ್ದರೆ ತಿಳಿಸಿ: "ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸುಬೇದಾರರಾಗಿದ್ದರು. 1948ರಲ್ಲಿ ಜೋಜಿಲಾಕ್ಕೆ ಟ್ಯಾಂಕುಗಳು ಏರಿದ ದಾರಿಯನ್ನು ಮಾಡಿದವರಲ್ಲಿ ಒಬ್ಬರು." ಅದರ ಕೆಳಗೆ ಅಜ್ಜಿಯ, ಮಕ್ಕಳ, ಆಮೇಲೆ ತರವಾಡಿನವರ ಹೆಸರುಗಳು. ಭೂಸುಧಾರಣೆಯ ವರ್ಷಗಳಿಗೆ ಮೂರು ಪುಟ ಇಟ್ಟಿದ್ದೇನೆ. ವಕೀಲರು ಹೇಳಿದ್ದು, ಮುಂಬಯಿ ಮಾಮ ಹೇಳಿದ್ದು ಎರಡೂ ಅಕ್ಕಪಕ್ಕದಲ್ಲಿ ಬರುತ್ತವೆ. ಅತ್ತೆ ಒಪ್ಪಿದರೆ ಬೆಲ್ಲ ನೀರಿನ ಮಾತನ್ನೂ ಸೇರಿಸುವ ಆಸೆ.

ಅಳಿಯ, ಮುಂಬಯಿ:

"ಮಾಡಿದವರಲ್ಲಿ ಒಬ್ಬರು" ಎಂಬುದು ತೀರ ಸಣ್ಣದಾಯಿತು. ಆದರೂ ಮಾವ ಇದ್ದಿದ್ದರೆ ಅದನ್ನೂ ಹೊಡೆದುಹಾಕಿಸುತ್ತಿದ್ದರು, ಆದ್ದರಿಂದ ಇರಲಿ. ಚಿತ್ರ ಮಾತ್ರ ಸಮವಸ್ತ್ರದ್ದೇ ಆಗಬೇಕು, ಪಂಚೆಯದ್ದು ಬೇಡ. ಹಣ ಕಳುಹಿಸಿದ್ದೇನೆ.

ಮಗಳು, ಬ್ರಹ್ಮಾವರ:

ಬೆಲ್ಲ ನೀರು ಸೇರಿಸು, ಮಗಳೇ.

ಒಕ್ಕಲು ಮನೆಯ ಮೊಮ್ಮಗ, ಮಂಗಳೂರು:

ಹಗ್ಗ ನಮ್ಮ ಮನೆಯ ಅಟ್ಟದಲ್ಲಿದೆ. ಕಳೆದ ವರ್ಷ ಸುಬೇದಾರರು ಮಲಗಿದಲ್ಲಿಂದಲೇ ನನ್ನ ತಂದೆಗೆ ಹೇಳಿಕಳುಹಿಸಿ ಕೊಡಿಸಿದ್ದರು. ಅವರು ಹೋದ ಸೂತಕದಲ್ಲಿ ಆ ವರ್ಷ ಕಟ್ಟ ಹಾಕಲಿಲ್ಲ. ಕಾಶ್ಮೀರದ ಹಗ್ಗವಂತೂ ಇದಲ್ಲ, ತೆಂಗಿನ ನಾರಿನದ್ದು, ಎರಡು ಮೂರು ಸಲ ಬದಲಾಗಿರಬೇಕು. ಗಂಟುಗಳ ಅಂತರ ಮಾತ್ರ ಹಳೆಯದೇ ಎಂದು ತಂದೆ ಹೇಳುತ್ತಾರೆ. ಬರುವ ಆದಿತ್ಯವಾರ ಬೆಳಗ್ಗೆ ಏಳಕ್ಕೆ ತೋಡಿನ ಬಳಿ ಸೇರುವುದೆಂದು ಎಂಟು ಮನೆಯವರು ಒಪ್ಪಿದ್ದಾರೆ. ಇನ್ನೊಂದು ತುದಿಯನ್ನು ಹಿಡಿಯಲು ತರವಾಡಿನಿಂದ ಒಬ್ಬರು ಬೇಕು.

ಮೊಮ್ಮಗಳು, ಉಡುಪಿ:

ನಾನು ಬರುತ್ತೇನೆ. ಅತ್ತೆಯೂ ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾರಂತೆ.